ಟಿಕೆಟಿನ ಕೆಳಗಿನ ಗುಲಾಬಿ

ಡೊಂಬಿವಲಿಯಲ್ಲಿ ಮಾಮಾನ ಮನೆಯಿದ್ದ ಕಟ್ಟಡವನ್ನು ಕೆಡವಿ ಹೊಸದು ಕಟ್ಟಿಸುವುದೆಂದು ಸೊಸೈಟಿಯವರು ತೀರ್ಮಾನ ಮಾಡಿದ್ದು 2019ರಲ್ಲಿ. ಮಾಮಾ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಸಾಮಾನು ಕಟ್ಟಲು ಕೈಜೋಡಿಸೋಣವೆಂದು ಪುಣೆಯಿಂದ ನಾನು ಹೋದಾಗ ಮಾಮಿ ಬಾಗಿಲ ಬಳಿ ರದ್ದಿಯವನಿಗೆಂದು ಒಂದು ಗುಡ್ಡೆ ಹಾಕಿದ್ದರು. ಹಳೆಯ ದೀಪಾವಳಿ ವಿಶೇಷಾಂಕಗಳು, ವಿಮೆಯ ಕಾಗದಗಳು, ಮಕ್ಕಳ ಪ್ರೋಗ್ರೆಸ್ ಕಾರ್ಡುಗಳು, ಎಲ್ಲದರ ಕೆಳಗೆ ಸುತಳಿಯಲ್ಲಿ ಬಿಗಿದ ಐದು ಸ್ಕ್ರ್ಯಾಪ್‌ಬುಕ್ಕುಗಳು.

"ಅದರಾಗ ಏನ್ ನೋಡ್ತಿ? ಬರೇ ಹಳೀ ತಿಕೀಟು. ನಿಮ್ಮ ಮಾಮಾನ ಹುಚ್ಚು," ಅಂದರು ಮಾಮಿ.

ನಾನು ಸುತಳಿ ಬಿಚ್ಚಿದೆ. ಮೊದಲ ಪುಟ ಗಿಳಿಹಸಿರು, ಎರಡನೆಯದು ಹಳದಿ, ಮೂರನೆಯದು ಗುಲಾಬಿ, ನಾಲ್ಕನೆಯದು ನೀಲಿ. ಮತ್ತೆ ಗಿಳಿಹಸಿರು. ನೀವೂ ನಾನೂ ಶಾಲೆಯಲ್ಲಿ ಗಾಂಧೀಜಿಯ ಚಿತ್ರ, ಎಲೆಗಳ ವಿಧ, ಪಂಜಾಬಿನ ಉಡುಗೆ ಅಂಟಿಸಿದೆವಲ್ಲ, ಅದೇ ಬಣ್ಣದ ಹಾಳೆಗಳ ಅಗ್ಗದ ಪುಸ್ತಕ. ಮಾಮಾ ಅದರಲ್ಲಿ 1959ರಿಂದ 1983ರವರೆಗೆ ತಾನು ಮಾಡಿದ ಪ್ರಯಾಣಗಳನ್ನು ಅಂಟಿಸಿದ್ದ. ರೈಲು ಟಿಕೆಟು, ಬಸ್ ಚೀಟಿ, ಬೆಂಕಿಪೊಟ್ಟಣದ ಲೇಬಲ್ಲು, ಊಟದ ಕೂಪನ್ನು, ಗುಡಿಯ ಅಭಿಷೇಕದ ರಸೀದಿ, ಒಂದು ಕಡೆ ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಯನ್ನು ಬಿಡಿಸಿ ಚಪ್ಪಟೆ ಮಾಡಿದ್ದು. ಬೆಳಗಾವಿಯ ಮಳೆಗಾಲಕ್ಕೆ ಹಸಿರು ಹಾಳೆ, ಪಂಢರಪುರಕ್ಕೆ ಹಳದಿ, ಖಂಡಾಳಾ ಘಾಟಿಗೆ ನೀಲಿ. ಬಣ್ಣದ ಸರದಿ ಹೊಂದದಿದ್ದಾಗ ನಡುವೆ ಹಾಳೆ ಖಾಲಿ ಬಿಟ್ಟು ಮುಂದೆ ಹೋಗಿದ್ದ. ಗುಮಾಸ್ತನ ಸಂಬಳದಲ್ಲಿ ಹಾಳೆ ವ್ಯರ್ಥ ಮಾಡುವವನಲ್ಲ ಅವನು. ಆದ್ದರಿಂದ ಬಣ್ಣದ ಬಗ್ಗೆ ಅವನಿಗೆ ಖಚಿತ ಅಭಿಪ್ರಾಯವಿತ್ತು ಎಂದೇ ಹೇಳಬೇಕು.

ನನ್ನ ಅವ್ವ, ಅವನ ಕಡೆಯ ತಂಗಿ, ಈ ಪುಸ್ತಕಗಳನ್ನು ಕಂಡರೆ ನಗುತ್ತಿದ್ದಳು. "ಅಣ್ಣಂದು ಎಲ್ಲಾ ಜಾತ್ರಿ ಬಣ್ಣ," ಅನ್ನುವಳು. ಧಾರವಾಡದ ನಮ್ಮ ಮನೆಯಲ್ಲಿ ಗಾಢ ಬಣ್ಣವೆಂದರೆ ಸ್ವಲ್ಪ ಕೀಳು ಎಂಬ ಭಾವನೆ ಇತ್ತು. ಗೋಡೆಗೆ ತಿಳಿಗೆಂಪು, ಪರದೆಗೆ ಬಿಸ್ಕಿಟ್ ಬಣ್ಣ. ಆ ರುಚಿ ನಮಗೆ ಎಲ್ಲಿಂದ ಬಂತೋ. ನಾನೂ ಅದನ್ನೇ ಹೊತ್ತು ತಿರುಗಿದವನು. ಆದರೆ ಆ ದಿನ ಡೊಂಬಿವಲಿಯ ನೆಲದ ಮೇಲೆ ಕೂತು ಪುಟ ತಿರುವುತ್ತ, ಈ ಬಣ್ಣಗಳೆಲ್ಲ ಯಾರು ಮಾಡಿದ್ದು, ಎಲ್ಲಿಂದ ಮಾಮಾನ ಕೈಗೆ ಬಂದವು ಎಂದು ಕೇಳಬೇಕೆನಿಸಿತು. ಆ ಪ್ರಶ್ನೆ ಹಿಡಿದುಕೊಂಡು ಓದಿದ್ದು ಈ ಬರಹ.

ಟಿಕೆಟಿನಿಂದಲೇ ಶುರು ಮಾಡುತ್ತೇನೆ. ಹೆಬ್ಬೆರಳಿನಷ್ಟು ದಪ್ಪರಟ್ಟಿನ ಆ ಟಿಕೆಟನ್ನು ಕಂಡವರು ನಮ್ಮ ಓದುಗರಲ್ಲಿ ಇನ್ನೂ ಇದ್ದೀರಿ. ಅದನ್ನು ಕಂಡುಹಿಡಿದವನು ಥಾಮಸ್ ಎಡ್ಮಂಡ್ಸನ್ ಎಂಬ ಇಂಗ್ಲೆಂಡಿನ ಸ್ಟೇಷನ್ ಮಾಸ್ತರ. ಮೊದಲು ಬಡಗಿ, ಮರದ ಪೀಠೋಪಕರಣ ಮಾಡುವ ವ್ಯಾಪಾರದಲ್ಲಿ ದಿವಾಳಿಯಾಗಿ, 1836ರ ಹೊತ್ತಿಗೆ ನ್ಯೂಕ್ಯಾಸಲ್–ಕಾರ್ಲೈಲ್ ರೈಲ್ವೆಯ ಒಂದು ಸಣ್ಣ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದ. ಪ್ರತಿ ಪ್ರಯಾಣಿಕನಿಗೂ ಕೈಯಲ್ಲಿ ಚೀಟಿ ಬರೆದುಕೊಡುವ ಗೋಜಲು ನೋಡಿ ಬೇಸತ್ತು, ರಟ್ಟಿನ ತುಂಡಿಗೆ ಮೊದಲೇ ಊರಿನ ಹೆಸರು, ದರ್ಜೆ, ಕ್ರಮಸಂಖ್ಯೆ ಅಚ್ಚು ಹಾಕಿಡುವ ಉಪಾಯ ಹೂಡಿದ. ತಾರೀಕು ಒತ್ತುವ ಯಂತ್ರವನ್ನೂ ಮಾಡಿದ. ಟಿಕೆಟಿನ ಅಳತೆ ಸುಮಾರು 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲ. ನೂರೈವತ್ತು ವರ್ಷ ಕಳೆದರೂ ಹುಬ್ಬಳ್ಳಿಯ ಕಿಟಕಿಯಲ್ಲಿ ಅದೇ ಅಳತೆ ನಡೆಯುತ್ತಿತ್ತು. ದರ್ಜೆಗೊಂದು ಬಣ್ಣ, ಕೆಲವಕ್ಕೆ ನಡುವೆ ಪಟ್ಟೆ. ಓದು ಬಾರದ ಪ್ರಯಾಣಿಕನಿಗೂ, ಗಡಿಬಿಡಿಯಲ್ಲಿರುವ ಟಿಕೆಟ್ ಕಲೆಕ್ಟರನಿಗೂ ಬಣ್ಣ ನೋಡಿದರೆ ಸಾಕು. ಮಾಮಾನ ಪುಸ್ತಕದ ಬಹುಪಾಲು ಟಿಕೆಟುಗಳು ಮೂರನೇ ದರ್ಜೆಯವು. ಆ ದರ್ಜೆಯನ್ನು ರೈಲ್ವೆಯವರು 1974ರಲ್ಲಿ ತೆಗೆದುಹಾಕಿದರು. ಹಲಗೆಯ ಬೆಂಚು ಅದೇ ಉಳಿದು ಹೆಸರು ಮಾತ್ರ ಎರಡನೆಯದಾಯಿತು.

ಇಲ್ಲೊಂದು ತೊಡಕಿದೆ. ಪ್ರಯಾಣ ಮುಗಿದಾಗ ಟಿಕೆಟನ್ನು ಗೇಟಿನಲ್ಲಿ ಒಪ್ಪಿಸಬೇಕಿತ್ತು. ಹಾಗಾಗಿ ಬಳಸಿದ ಟಿಕೆಟು ಮನೆಗಳಲ್ಲಿ ಉಳಿಯುವುದೇ ಅಪರೂಪ. ಮಾಮಾನ ಹತ್ತಿರ ಅರವತ್ತಕ್ಕೂ ಹೆಚ್ಚು ಇವೆ. ಹೇಗೆ ಎಂದು ಮಾಮಿಯನ್ನು ಕೇಳಿದೆ. "ಮಂದಿ ಎಲ್ಲಾ ಹೋಗೂತನಾ ಗೇಟಿನ ಬಾಜೂಕ ನಿಂದರತಿದ್ದರು. ಆಮ್ಯಾಲೆ ಟೀಸೀ ಹತ್ರ ಹೋಗಿ, ಸಾಹೇಬ್ರ, ತೂತು ಹೊಡದು ವಾಪಸ್ ಕೊಡ್ರಿ ಅನ್ನೂದು. ನಾನು ಟ್ರಂಕಿನ ಮ್ಯಾಲೆ ಕೂತಿರ್ತಿದ್ದೆ." ಕೆಲವರು ಬೈದು ಕಳಿಸಿದ್ದೂ ಉಂಟಂತೆ. ಟಿಕೆಟು ಸಿಗದ ಪ್ರಯಾಣದ ಪುಟದಲ್ಲಿ ಮಾಮಾ ಅದೇ ಅಳತೆಯ ಒಂದು ಚೌಕಟ್ಟು ಗೆರೆ ಎಳೆದು ಒಳಗೆ "ಕೊಡಲಿಲ್ಲ" ಎಂದು ಬರೆದಿದ್ದಾನೆ.

ಬೆಂಕಿಪೊಟ್ಟಣದ ಲೇಬಲ್ಲುಗಳ ಕಥೆ ಬೇರೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ನಮ್ಮ ದೇಶಕ್ಕೆ ಬೆಂಕಿಪೊಟ್ಟಣ ಬರುತ್ತಿದ್ದುದು ಹೆಚ್ಚಾಗಿ ಸ್ವೀಡನ್ ಮತ್ತು ಜಪಾನಿನಿಂದ. 1922ರಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಕಡ್ಡಿ ಮಾಡುವ ವಿದ್ಯೆ ಕಲಿತು ಬಂದರು. ಮಳೆ ಕಡಿಮೆಯ ಒಣ ಊರು. ಕಡ್ಡಿ ಒಣಗಿಸಲು ಹೇಳಿ ಮಾಡಿಸಿದಂತಿತ್ತು. ಕಡ್ಡಿಗೆ ಪೊಟ್ಟಣ ಬೇಕು, ಪೊಟ್ಟಣಕ್ಕೆ ಲೇಬಲ್ ಬೇಕು, ಆಮೇಲೆ ಪಟಾಕಿಗೂ ಬೇಕು. ಹೀಗೆ ಅಲ್ಲಿ ಅಚ್ಚಿನ ಕೆಲಸ ಬೆಳೆಯಿತು. ನಮ್ಮ ಅಡುಗೆಮನೆಯ ಕ್ಯಾಲೆಂಡರು, ಮಕ್ಕಳ ನೋಟ್‌ಬುಕ್ಕು ಈಗಲೂ ಬಹಳಷ್ಟು ಆ ಊರಿನವೇ. ಮಾಮಾನಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ. ಪ್ರತಿ ಊರಿನ ಸ್ಟೇಷನ್ನಿನ ಹೊರಗೆ ಸಿಕ್ಕ ಬೆಂಕಿಪೊಟ್ಟಣದ ಲೇಬಲ್ಲನ್ನು ನೀರಲ್ಲಿ ನೆನೆಸಿ ಬಿಡಿಸಿ, ಆ ಊರಿನ ಪುಟದ ಬಲ ಮೂಲೆಗೆ ಅಂಟಿಸುವುದು ಅವನ ನೇಮವಾಗಿತ್ತು. ಅವನು ಬೀಡಿ ಸಿಗರೇಟು ಮುಟ್ಟಿದವನಲ್ಲ.

ಬಣ್ಣದ ಕಾಗದವನ್ನು ಪುಸ್ತಕಕ್ಕೆ ಅಂಟಿಸುವ ಚಟ ಜಗತ್ತಿಗೆ ಹಿಡಿದದ್ದು 19ನೇ ಶತಮಾನದಲ್ಲಿ. ಕಲ್ಲಚ್ಚನ್ನು ಮ್ಯೂನಿಕ್ಕಿನ ಸೆನೆಫೆಲ್ಡರ್ 1790ರ ದಶಕದ ಕೊನೆಗೆ ಕಂಡುಕೊಂಡಿದ್ದ. 1837ರಲ್ಲಿ ಫ್ರಾನ್ಸಿನ ಎಂಗೆಲ್‌ಮನ್ ಅದರಲ್ಲಿ ಹಲವು ಬಣ್ಣ ಮೂಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಹಾಳೆಯನ್ನು ಆರು, ಎಂಟು, ಹತ್ತು ಸಲ ಒತ್ತಬೇಕು, ಎಲ್ಲೂ ಕೂದಲೆಳೆಯಷ್ಟು ಸರಿಯಬಾರದು. ಜರ್ಮನಿಯ ಅಚ್ಚುಕೂಟಗಳು ಇದರಲ್ಲಿ ಪಳಗಿ ಹೂವು, ಹಕ್ಕಿ, ದೇವದೂತ, ಹಡಗುಗಳ ಸಣ್ಣ ಸಣ್ಣ ಚಿತ್ರಗಳನ್ನು ಆಕಾರಕ್ಕೆ ತಕ್ಕಂತೆ ಕತ್ತರಿಸಿ ಹಾಳೆಗಟ್ಟಲೆ ಮಾರಿದವು. ಸ್ಕ್ರ್ಯಾಪ್ ಅಂದರೆ ಆಗ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಈ ಬಣ್ಣದ ಚೂರು.

ಬಣ್ಣಕ್ಕೂ ಹೊಸ ಮೂಲ ಸಿಕ್ಕಿತ್ತು. 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾ ಔಷಧಿ ಕ್ವಿನೈನನ್ನು ಕಲ್ಲಿದ್ದಲ ಟಾರಿನಿಂದ ತೆಗೆಯಲು ಹೋಗಿ ನೇರಳೆ ಬಣ್ಣ ತೆಗೆದ. ಆ ಬಾಗಿಲು ತೆರೆದದ್ದೇ ತಡ, ಗಿಡ, ಹುಳು, ಮಣ್ಣುಗಳಿಂದ ತೆಗೆಯುತ್ತಿದ್ದ ಬಣ್ಣಗಳ ಜಾಗಕ್ಕೆ ಟಾರಿನ ಬಣ್ಣಗಳು ಒಂದೊಂದಾಗಿ ಬಂದವು. ಮಂಜಿಷ್ಠದ ಕೆಂಪು ಹೋಯಿತು. 1897ರಲ್ಲಿ ಜರ್ಮನ್ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದು ನಮ್ಮ ನೀಲಿ ಗಿಡದ ಬೇಸಾಯವೂ ಹೋಯಿತು. ಗಾಢ ಬಣ್ಣ ಮೊದಲು ಸಿರಿವಂತರ ಸೊತ್ತು. ಈಗ ಬಡವನ ಮನೆಯ ಮಗುವೂ ಗುಲಾಬಿ ಕಾಗದ ಕೊಳ್ಳಬಹುದಾಯಿತು. ಗಾಢ ಬಣ್ಣ ಕೀಳೆಂಬ ಅಭಿರುಚಿ ಹುಟ್ಟಿದ್ದು ಈ ಅಗ್ಗದ ನಂತರ ಎಂಬುದು ನನ್ನ ಗುಮಾನಿ. ಎಲ್ಲರಿಗೂ ಸಿಗುವುದನ್ನು ಬೇಡವೆನ್ನುವುದರಲ್ಲಿ ಒಂದು ಗತ್ತಿರುತ್ತದಲ್ಲ.

ಸ್ಕ್ರ್ಯಾಪ್‌ಬುಕ್ಕಿನ ಚರಿತ್ರೆಯಲ್ಲಿ ಮುಂಬಯಿಗೂ ಒಂದು ಪಾತ್ರವಿದೆ. ಮಾರ್ಕ್ ಟ್ವೈನ್ ತನ್ನ ಪ್ರವಾಸದ ಪತ್ರಿಕಾ ಬರಹಗಳನ್ನು ಕತ್ತರಿಸಿ ಅಂಟಿಸಿಡುವ ಅಭ್ಯಾಸದವನು. ಅಂಟಿನ ಡಬ್ಬಿಯ ಜೊತೆ ಗುದ್ದಾಡಿ ಬೇಸತ್ತು, ಪುಟಗಳ ಮೇಲೆ ಮೊದಲೇ ಗೋಂದಿನ ಗೆರೆಗಳಿರುವ, ಒದ್ದೆ ಮಾಡಿದರೆ ಅಂಟುವ ಸ್ಕ್ರ್ಯಾಪ್‌ಬುಕ್ ಕಂಡುಹಿಡಿದು 1873ರಲ್ಲಿ ಪೇಟೆಂಟ್ ಪಡೆದ. ಅದು ಚೆನ್ನಾಗಿಯೇ ಮಾರಾಟವಾಯಿತು. ಅದೇ ಟ್ವೈನ್ 1896ರ ಜನವರಿಯಲ್ಲಿ ಮುಂಬಯಿಗೆ ಬಂದು, ಕೆಮ್ಮು ಹಿಡಿದುಕೊಂಡು ವಾಟ್ಸನ್ ಹೋಟೆಲಿನಲ್ಲಿ ಇಳಿದ. ಮರುವರ್ಷ ಪ್ರಕಟಿಸಿದ ಪ್ರವಾಸ ಪುಸ್ತಕದಲ್ಲಿ ಇಲ್ಲಿನ ಜನರ ಬಟ್ಟೆಯ ಬಣ್ಣಗಳ ಬಗ್ಗೆ ಮನಸೋತು ಬರೆದ; ತಮ್ಮವರ ಕಪ್ಪು ಕಂದು ಉಡುಪು ಅದರೆದುರು ಅವನಿಗೆ ಸಪ್ಪೆ ಕಂಡಿತು. ಅವನು ಹೋದ ಆರು ತಿಂಗಳಿಗೆ, ಜುಲೈ 7ರಂದು, ಅದೇ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಚಲನಚಿತ್ರ ಭಾರತದಲ್ಲಿ ಮೊದಲ ಸಲ ತೋರಿಸಲ್ಪಟ್ಟಿತು. ಕಪ್ಪು ಬಿಳುಪು. ಬಣ್ಣದ ಫೋಟೋ ತೆಗೆಯುವ ಗಾಜಿನ ಫಲಕವನ್ನು ಅದೇ ಲ್ಯೂಮಿಯೇರ್‌ಗಳು 1907ರಲ್ಲಿ ಮಾರುಕಟ್ಟೆಗೆ ತಂದರು. ಅದರ ಗುಟ್ಟು ಆಲೂಗಡ್ಡೆ ಹಿಟ್ಟಿನ ಕಣಗಳಿಗೆ ಬಣ್ಣ ಹಾಕಿ ಗಾಜಿನ ಮೇಲೆ ಹರಡುವುದು. ಆಲ್ಬರ್ಟ್ ಕಾನ್ ಎಂಬ ಫ್ರೆಂಚ್ ಬ್ಯಾಂಕರು ಜಗತ್ತನ್ನೆಲ್ಲ ಈ ಫಲಕಗಳಲ್ಲಿ ಹಿಡಿದಿಡಲು ಹೊರಟು, ಸುಮಾರು 72,000 ಚಿತ್ರ ಕೂಡಿಸಿ, 1929ರ ಷೇರುಪೇಟೆ ಕುಸಿತದ ನಂತರ ದಿವಾಳಿಯಾದ. ಅವನ ಛಾಯಾಗ್ರಾಹಕ ಸ್ಟೀಫಾನ್ ಪಾಸ್ಸೆ 1913–14ರಲ್ಲಿ ಭಾರತಕ್ಕೂ ಬಂದಿದ್ದ. ವಾಟ್ಸನ್ ಕಟ್ಟಡ ಇನ್ನೂ ಕಾಲಾ ಘೋಡಾದಲ್ಲಿ ಜೀರ್ಣವಾಗಿ ನಿಂತಿದೆ. ಆ ಕಡೆ ಹೋದರೆ ಒಮ್ಮೆ ತಲೆ ಎತ್ತಿ ನೋಡಿ.

ಮಾಮಾನ ರೈಲಿಗೆ ಇದಕ್ಕಿಂತ ಹತ್ತಿರದ ಊರೊಂದಿದೆ. ಆಗ ಧಾರವಾಡದಿಂದ ಪುಣೆಯವರೆಗೆ ಮೀಟರ್ ಗೇಜು. ಲೋಂಡಾ, ಬೆಳಗಾವಿ, ಮೀರಜು ದಾಟಿ ಪುಣೆಯಲ್ಲಿ ಇಳಿದು ದೊಡ್ಡ ಗಾಡಿ ಹತ್ತಬೇಕಿತ್ತು. ಲೋನಾವಳಾಕ್ಕಿಂತ ಸ್ವಲ್ಪ ಮೊದಲು ಮಳವಲಿ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಕಾರ್ಲಾ ಮತ್ತು ಭಾಜಾ ಗುಹೆಗಳಿಗೆ ಇಳಿಯುವವರಿಗೆ ಗೊತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಕಲ್ಲಚ್ಚಿನ ಮುದ್ರಣಾಲಯ, ಮುಂಬಯಿಗೆ ಪ್ಲೇಗು ಬಂದ ಆ ವರ್ಷಗಳಲ್ಲಿ, 1899ರ ಹೊತ್ತಿಗೆ ಬಂದು ನೆಲೆಸಿದ್ದು ಇಲ್ಲೇ. ಯಂತ್ರಗಳು ಜರ್ಮನಿಯವು, ಕುಶಲಿಗಳೂ ಜರ್ಮನರು. ಕೆಲವೇ ವರ್ಷಗಳಲ್ಲಿ ರವಿವರ್ಮ ಅದನ್ನು ಅವರಲ್ಲೊಬ್ಬನಾದ ಶ್ಲೈಶರ್ ಎಂಬುವನಿಗೇ ಮಾರಿದ. ನಮ್ಮ ಅಜ್ಜಿಯ ದೇವರ ಕೋಣೆಯಲ್ಲಿದ್ದ ಲಕ್ಷ್ಮಿ, ಸರಸ್ವತಿ ಬಂದದ್ದು ಈ ಅಚ್ಚುಕೂಟದ ಕಲ್ಲಿನಿಂದ. ಅಜ್ಜಿ ಆ ಲಕ್ಷ್ಮಿಯ ಸೀರೆಯ ಮೇಲೆ ಜರಿಯ ತುಣುಕು ಅಂಟಿಸಿ, ಕಿರೀಟಕ್ಕೆ ಚಮಕಿ ಹೊಲಿದಿದ್ದಳು. ಚೆಟ್ಟಿನಾಡಿನ ಮನೆಗಳಲ್ಲೂ ನಮ್ಮ ಕಡೆಯ ಹಳೆಯ ಮನೆಗಳಲ್ಲೂ ಇದು ಹೆಂಗಸರ ಮಧ್ಯಾಹ್ನದ ಕೆಲಸವಾಗಿತ್ತು. ಕತ್ತರಿಸುವುದು, ಅಂಟಿಸುವುದು, ಅಚ್ಚಿನವನು ಕೊಟ್ಟ ಬಣ್ಣ ಸಾಲದೆಂದು ಇನ್ನಷ್ಟು ಸೇರಿಸುವುದು: ಮಾಮಾ ಈ ವಿದ್ಯೆ ಕಲಿತದ್ದು ಅಲ್ಲೇ ಇರಬೇಕು. ಮಳವಲಿಯ ಅಚ್ಚುಕೂಟ 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿಯವರೆಗೂ ಹದಿನಾಲ್ಕು ವರ್ಷ ಮಾಮಾ ರಜೆಗೆ ಊರಿಗೆ ಹೋಗುವಾಗಲೂ ಬರುವಾಗಲೂ ಅದರ ಪಕ್ಕದಲ್ಲೇ ಹಾದುಹೋದ. ಗಾಡಿ ಅಲ್ಲಿ ನಿಲ್ಲುತ್ತಿರಲಿಲ್ಲ.

ಪ್ರವಾಸದ ಬಣ್ಣಗಳ ವಿಷಯದಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಚಿತ್ರದ ಪೋಸ್ಟ್‌ಕಾರ್ಡುಗಳು. 1900ರ ಆಚೀಚೆ ಮುಂಬಯಿ, ಮದರಾಸು, ಬೆಂಗಳೂರುಗಳ ದೃಶ್ಯವಿರುವ ಕಾರ್ಡುಗಳು ಸಾವಿರಗಟ್ಟಲೆ ಅಚ್ಚಾದವು. ಮದರಾಸು ಮತ್ತು ಬೆಂಗಳೂರಿನ ಹಿಗ್ಗಿನ್‌ಬಾಥಮ್ಸ್ ಅಂಗಡಿಯೂ ಪ್ರಕಟಿಸುತ್ತಿತ್ತು. ಫೋಟೋ ತೆಗೆಯುವುದು ಇಲ್ಲಿ, ಕಪ್ಪು ಬಿಳುಪಿನಲ್ಲಿ. ಮೊದಲ ಮಹಾಯುದ್ಧದವರೆಗೆ ಎಷ್ಟೋ ಕಾರ್ಡು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅದಕ್ಕೆ ಬಣ್ಣ ಕೊಡುವವರು ನಮ್ಮ ಊರನ್ನು ಕಂಡವರಲ್ಲ. ಸೀರೆ ಯಾವ ಬಣ್ಣ, ಮಣ್ಣು ಎಷ್ಟು ಕೆಂಪು, ಆಕಾಶ ಜೂನಿನದೋ ಜನವರಿಯದೋ ಅವರಿಗೆ ಹೇಗೆ ಗೊತ್ತಾಗಬೇಕು? ಜ್ಯೂರಿಕ್ಕಿನಲ್ಲಿ ಫೋಟೋಕ್ರೋಮ್ ಎಂಬ ದುಬಾರಿ ವಿಧಾನವಿತ್ತು. ಅದರಲ್ಲಿ ಒಂದು ಚಿತ್ರಕ್ಕೆ ಹತ್ತಕ್ಕೂ ಹೆಚ್ಚು ಕಲ್ಲು ಬೇಕಾಗುವುದೂ ಇತ್ತು, ಫೋಟೋ ತೆಗೆದವನು ಬಣ್ಣದ ಟಿಪ್ಪಣಿ ಬರೆದುಕೊಂಡು ಹೋಗಿ ಕೊಡುತ್ತಿದ್ದ. ಆದರೂ ಕೊನೆಗೆ ಮೂಡುತ್ತಿದ್ದುದು ಸ್ವಿಸ್ ಕಾರ್ಮಿಕನ ಕಣ್ಣಿನ ಭಾರತ. ಬಂದ ಪ್ರವಾಸಿ ಅದನ್ನೇ ಕೊಂಡು ಆಲ್ಬಮ್ಮಿಗೆ ಅಂಟಿಸಿ, ಇಪ್ಪತ್ತು ವರ್ಷದ ಮೇಲೆ ಅದೇ ತಾನು ಕಂಡ ಬಣ್ಣವೆಂದು ನಂಬುತ್ತಿದ್ದ. ಬಾಸ್ಟನ್ನಿನ ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್‌ನರ್ 1884ರಲ್ಲಿ ಭಾರತ ಸುತ್ತಿದಾಕೆ. ಆಕೆಯ ಪ್ರವಾಸ ಆಲ್ಬಮ್ಮುಗಳು ಈಗ ಆಕೆಯ ಹೆಸರಿನ ಮ್ಯೂಸಿಯಮ್ಮಿನಲ್ಲಿವೆ. ಕೊಂಡ ಫೋಟೋಗಳ ಜೊತೆಗೆ ಅಲ್ಲಲ್ಲಿ ದಾರಿಯಲ್ಲಿ ಕಿತ್ತ ಹೂವು, ಎಲೆ ಒಣಗಿಸಿ ಅಂಟಿಸಿದ್ದಾಳೆ. ಕಾರ್ಖಾನೆಯ ಬಣ್ಣ ನಂಬದೆ, ಇರುವ ವಸ್ತುವನ್ನೇ ಹಿಡಿದುಕೊಂಡಳು ಅನಿಸುತ್ತದೆ.

ಹಂಪಿಯ ಪುಟಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದು ಅದಕ್ಕಾಗಿಯೇ.

ಮಾಮಾನ ಮದುವೆಯಾದದ್ದು 1964ರಲ್ಲಿ. ಮದುವೆಯ ಮೇಲೆ ಹುಬ್ಬಳ್ಳಿಯಿಂದ ಗದಗಿನ ಮೇಲೆ ಹೊಸಪೇಟೆಗೆ ರೈಲಿನಲ್ಲಿ ಹೋಗಿ ಹಂಪಿ ನೋಡಿ ಬಂದರು. ಹೊಸ ಜೋಡಿಯನ್ನು ಇಬ್ಬರೇ ಕಳಿಸುವುದು ಚೆನ್ನಾಗಿರುವುದಿಲ್ಲವೆಂದು ಅಜ್ಜಿ ಹತ್ತು ವರ್ಷದ ನನ್ನ ಅವ್ವನನ್ನೂ ಜೊತೆಗೆ ಹಚ್ಚಿದಳು. ಗುಲಾಬಿ ಹಾಳೆಯ ಮೇಲೆ ಸದರ್ನ್ ರೈಲ್ವೆಯ ಮೂರು ಟಿಕೆಟು. ಮೂರನೆಯದರ ಒಂದು ಮೂಲೆ ಓರೆಯಾಗಿ ಕತ್ತರಿಸಿದೆ; ಮಕ್ಕಳ ಅರ್ಧ ದರಕ್ಕೆ ಟಿಕೆಟಿನ ಮೂಲೆ ಕತ್ತರಿಸಿ ಕೊಡುತ್ತಿದ್ದರು. ಮೇಲೆ ಕಲ್ಲಿನ ರಥದ ಕಪ್ಪು ಬಿಳುಪು ಚಿತ್ರ, ಅದರ ಮೇಲೆ ಮಾಮಾ ಶಾಲೆಯ ಮಕ್ಕಳ ಬಣ್ಣದ ಡಬ್ಬಿಯಿಂದ ಕೆಂಪು, ಅರಿಸಿನ, ಹಸಿರು ಬಳಿದಿದ್ದಾನೆ. ರಥ ಜಾತ್ರೆಯ ತೇರಿನ ಹಾಗೆ ಕಾಣುತ್ತಿತ್ತು. ಅವ್ವ ಎಲ್ಲಕ್ಕಿಂತ ಹೆಚ್ಚು ನಗುತ್ತಿದ್ದುದು ಇದೇ ಪುಟಕ್ಕೆ.

ಹಂಪಿಯೆಂದರೆ ನಮಗೆಲ್ಲ ಬೂದು ಕಲ್ಲು, ಸಂಜೆಯ ಹೊಂಬಿಸಿಲು. ಈ ಚಿತ್ರ ಮನಸ್ಸಿನಲ್ಲಿ ಕೂರಿಸಿದ್ದರಲ್ಲಿ ಕ್ಯಾಮೆರಾದ ಪಾಲು ದೊಡ್ಡದು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ಹಂಪಿಯ ಫೋಟೋ ತೆಗೆದದ್ದು 1856ರಲ್ಲಿ. ಲಂಡನ್ನಿನಲ್ಲಿ ಪರ್ಕಿನ್ನನ ಗಾಜಿನ ಪಾತ್ರೆಯಲ್ಲಿ ನೇರಳೆ ಬಣ್ಣ ಮೂಡಿದ ಅದೇ ವರ್ಷ. ಗ್ರೀನ್‌ಲಾನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗಿಲ್ಲ. ನಾವು ಐವತ್ತು ರೂಪಾಯಿ ನೋಟಿನಲ್ಲಿ ನೋಡುವ ಬೋಳುತಲೆಯ ರಥ ಹೊಸ ಕಾಲದ್ದು. ಇಟ್ಟಿಗೆ ಗಾರೆಯ ಶಿಖರಗಳಿಗೆ, ಕಲ್ಲಿನ ಕೆತ್ತನೆಗೆ ಬಣ್ಣ ಹಚ್ಚುವುದು ವಿಜಯನಗರದವರ ರೂಢಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅರಮನೆಯೊಳಗಿನ ಚಿತ್ರಗಳನ್ನು, ಅದರಲ್ಲಿ ತನ್ನ ನಾಡಿನವರನ್ನೂ ಬರೆದಿದ್ದುದನ್ನು ಕಂಡು ದಾಖಲಿಸಿದ್ದಾನೆ. ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿಯಲ್ಲಿ ಬಣ್ಣದ ಚಿತ್ರಗಳು ಈಗಲೂ ಇವೆ. ಕಲ್ಲಿನ ರಥದ ಕೆಳಭಾಗದಲ್ಲಿ, ಮಳೆ ಬಿಸಿಲು ತಾಗದ ಕಡೆ, ಹಳೆಯ ಬಣ್ಣದ ಗುರುತು ಉಳಿದಿದೆ. ಹಾಗಾದರೆ ಬಣ್ಣದ ಡಬ್ಬಿ ಹಿಡಿದು ಕೂತ ಮಾಮಾನೇ ಸರಿ, ನಗುತ್ತಿದ್ದ ನಾವು ತಪ್ಪು.

ಇದು ಗೊತ್ತಾದಾಗ ಅವ್ವ ಇನ್ನೂ ಇದ್ದಳು. ಫೋನಿನಲ್ಲಿ ಹೇಳಿದೆ. "ಅಣ್ಣಗ ಅಷ್ಟೆಲ್ಲಾ ಎಲ್ಲಿಂದ ತಿಳೀಬೇಕೋ?" ಅಂದಳು. ಆಗಲೇ ಅವಳಿಗೆ ಮರೆವು ಶುರುವಾಗಿತ್ತು. ಹಂಪಿಗೆ ಹೋದದ್ದು ನೆನಪಿದೆಯೇ ಎಂದರೆ, ಹರಿಗೋಲಿನಲ್ಲಿ ಕೂತು ಅತ್ತದ್ದೊಂದು ಮಾತ್ರ ಹೇಳುತ್ತಿದ್ದಳು.

ಈಗ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಆ ಪುಟವನ್ನು ಪುಸ್ತಕದಿಂದ ಬಿಡಿಸಿ, ಚೆಂದದ ಕಟ್ಟು ಹಾಕಿಸಿ, ಕೋಥ್ರೂಡಿನ ನನ್ನ ಮನೆಯ ಗೋಡೆಗೆ ತೂಗುಹಾಕಿದೆ. ಎದುರಿಗೆ ಪಶ್ಚಿಮದ ಕಿಟಕಿ. ದಿನಾ ನೋಡುವ ವಸ್ತು ಬದಲಾಗುವುದು ಕಣ್ಣಿಗೆ ಬೀಳುವುದಿಲ್ಲ. 2021ರಲ್ಲಿ ಅವ್ವ ಹೋದಳು. 2023ರಲ್ಲಿ ಗೋಡೆಗೆ ಬಣ್ಣ ಹೊಡೆಸಲು ಕಟ್ಟು ಇಳಿಸಿದಾಗ ನೋಡುತ್ತೇನೆ, ಹಾಳೆ ಹಳೆಯ ಪಂಚೆಯ ಬಣ್ಣಕ್ಕೆ ಬಂದಿದೆ. ರಥದ ಕೆಂಪು ಹೋಗಿ ಬೂದು ಕಂದಿನ ಕಲೆ. ಅರಿಸಿನ ಪೂರ್ತಿ ಮಾಯ. ಹಸಿರಿನಲ್ಲಿ ನೀಲಿಯ ಅಂಶ ಮಾತ್ರ ಉಳಿದಿತ್ತು.

ಬಣ್ಣ ಹಾರುವುದಕ್ಕೂ ಲೆಕ್ಕವಿದೆ. ಗುಲಾಬಿ ಕಾಗದಕ್ಕೆ ಹಾಕುವ ಅಗ್ಗದ ಬಣ್ಣಗಳಲ್ಲಿ ರೋಡಮೈನ್ ಒಂದು. 2024ರಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ನಿಷೇಧಿಸಿತಲ್ಲ, ಅದೇ. ನೋಡಲು ಉರಿಯುವ ಬಣ್ಣ, ಬಿಸಿಲಿಗೆ ನಿಲ್ಲುವುದಿಲ್ಲ. ವ್ಯಾನ್ ಗಾಗ್ ಬಳಸಿದ ಒಂದು ಕೆಂಪೂ ಇಂಥದೇ; ಅವನ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆ ಮೊದಲು ನೇರಳೆ, ಕೆಂಪು ಹಾರಿಹೋಗಿ ಈಗ ನೀಲಿ. ಅಚ್ಚಿನ ಶಾಯಿಯ ನೀಲಿ ಮಾತ್ರ ಗಟ್ಟಿ. 1928ರಲ್ಲಿ ಸ್ಕಾಟ್ಲೆಂಡಿನ ಕಾರ್ಖಾನೆಯೊಂದರಲ್ಲಿ ಆಕಸ್ಮಿಕವಾಗಿ ಸಿಕ್ಕಿದ ಥ್ಯಾಲೊಸಯನೀನ್ ಎಂಬ ನೀಲಿ ಬಿಸಿಲಿಗೆ ಜಗ್ಗುವುದಿಲ್ಲ. ಕ್ಷೌರದಂಗಡಿಯ ಹೊರಗಿನ ಹಳೆಯ ಪೋಸ್ಟರಿನಲ್ಲಿ ಎಲ್ಲರ ಮುಖವೂ ನೀಲಿಯಾಗಿರುವುದು ಇದರಿಂದಲೇ. ವಿಚಿತ್ರವೆಂದರೆ ಎಪ್ಪತ್ತರ ದಶಕದ ಬಣ್ಣದ ಫೋಟೋಗಳ ಕಥೆ ಇದಕ್ಕೆ ತಿರುಗುಮುರುಗು. ಅವು ಕತ್ತಲೆಯಲ್ಲಿ, ಮುಚ್ಚಿದ ಆಲ್ಬಮ್ಮಿನಲ್ಲಿ ಇದ್ದರೂ ನೀಲಿ ಕಳೆದುಕೊಂಡು ಕೆಂಪಾಗುತ್ತವೆ. ನಿಮ್ಮ ಅಪ್ಪ ಅಮ್ಮನ ಮದುವೆಯ ಆಲ್ಬಮ್ ತೆಗೆದು ನೋಡಿ, ಎಲ್ಲರೂ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಾರೆ.

ನನ್ನ ಫೋನಿನಲ್ಲಿ 2019ರ ಒಂದು ಫೋಟೋ ಇತ್ತು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ತೆಗೆದದ್ದು. ಅದರಲ್ಲಿ ಹಾಳೆ ನೇರಳೆಗೆ ಹೊರಳಿದ ಗುಲಾಬಿ. ಆಫೀಸಿನ ಗೆಳೆಯನೊಬ್ಬ, ಕಂಪ್ಯೂಟರಿನಲ್ಲಿ ಸರಿಮಾಡಿ ಹೊಸ ಪ್ರಿಂಟ್ ತೆಗೆದುಕೊಡುತ್ತೇನೆಂದ. ಎರಡು ಮೂರು ಛಾಯೆ ಮಾಡಿಯೂ ತೋರಿಸಿದ. ಎಲ್ಲವೂ ಚೆನ್ನಾಗಿದ್ದವು. ಯಾವುದು ನಿಜವೆಂದು ಹೇಳಲು ನನಗಾಗಲಿಲ್ಲ. ಜರ್ಮನಿಯಲ್ಲಿ ಕೂತು ಬೆಂಗಳೂರಿನ ಕಾರ್ಡಿಗೆ ಬಣ್ಣ ಹಾಕಿದವನ ಜಾಗದಲ್ಲೇ ನಾನೂ ನಿಂತಿದ್ದೆ.

ಕೊನೆಗೆ ಪುಟವನ್ನು ಠಾಣೆಗೆ ತೆಗೆದುಕೊಂಡು ಹೋದೆ. ಮಾಮಿ ಈಗ ಅಲ್ಲಿ ಮಗನ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ರಥದ ಮೇಲೆ ಬೆರಳಾಡಿಸಿದರು.

"ಇಲ್ಲೆ ಕೆಂಪು ಇತ್ತಲ್ಲೋ."

"ಹೌದು ಮಾಮಿ. ನಾ ಬಿಸಿಲಿಗೆ ಇಟ್ಟೆ."

"ಅದನ್ನ ನೋಡಿದಾಕಿ ನಿಮ್ಮವ್ವ. ನಿಂಗ ಹೇಳಿಲ್ಲ ಏನು?" ಎಂದು ಅವರು ಹೇಳಿದ ಕಥೆ ಇದು. ರಥದ ಹತ್ತಿರ ಮಾಮಾ ಬಗ್ಗಿ ಬಗ್ಗಿ ನೋಡಿದನಂತೆ, ಸೊಂಟ ಹಿಡಿಯಿತಂತೆ. ಅವ್ವ ಲಂಗ ಎತ್ತಿಕಟ್ಟಿ ಗಾಲಿಯ ಮಗ್ಗುಲಲ್ಲಿ ತೂರಿ, ಮಲಗಿ, ಮೇಲೆ ನೋಡಿ ಕೂಗಿದಳಂತೆ: "ಅಣ್ಣಾ, ಇಲ್ಲೆ ಬಣ್ಣ ಅದ! ಕೆಂಪು ಅದ!" ಮೈತುಂಬ ಧೂಳು ಮಾಡಿಕೊಂಡಿದ್ದಕ್ಕೆ ಮಾಮಿಯೇ ಆಮೇಲೆ ತುಂಗಭದ್ರೆಯಲ್ಲಿ ಲಂಗ ಒಗೆದರಂತೆ. ಊರಿಗೆ ಬಂದ ಮೇಲೆ ಮಾಮಾ ಬಣ್ಣದ ಡಬ್ಬಿ ತಂದ.

ನಾನು ಟಿಕೆಟುಗಳನ್ನು ನೋಡುತ್ತ ಕೂತೆ. ಮೈದಾ ಹಿಟ್ಟಿನ ಅಂಟು, ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿದ್ದು; ಅರವತ್ತು ವರ್ಷಕ್ಕೆ ಒಣಗಿ ಹುಡಿಯಾಗಿತ್ತು. ಅರ್ಧ ಟಿಕೆಟಿನ ಅಂಚು ತಾನಾಗಿಯೇ ಎದ್ದಿತ್ತು. ಮಾಮಿ ಉಗುರು ಹಾಕಿ ಮೆಲ್ಲಗೆ ಎತ್ತಿದರು. ಅದರ ಕೆಳಗೆ ಎರಡು ಬೆರಳಿನಗಲದ ಗುಲಾಬಿ, ನಿನ್ನೆ ಅಂಗಡಿಯಿಂದ ತಂದ ಹಾಗೆ. ಒಂದು ಮೂಲೆ ಓರೆಯಾಗಿ ಕತ್ತರಿಸಿತ್ತು.

"ಇಷ್ಟು ಗಾಢ ಇತ್ತೇನು?" ಅಂದರು ಮಾಮಿ. ಸ್ವಲ್ಪ ಹೊತ್ತು ನೋಡಿ, ಟಿಕೆಟನ್ನು ಮತ್ತೆ ಅದರ ಮೇಲೆ ಮುಚ್ಚಿ, "ಒಳಗ ಇಡು. ಕಿಡಕಿ ಹತ್ರ ಬ್ಯಾಡ," ಎಂದರು.